ಜೀಪು ಮಾದರಿಯ ವಾಹನಗಳಿಗೆ ಸ್ಟೆಪ್ನಿ ಕ್ಯಾರಿಯರ್ ಸಹಿತ ಹಿಂಬದಿ ಬಂಪರ್ ಅಳವಡಿಕೆ : ವಾಹನ ಮಾಲೀಕರ ಮಾಹಿತಿಗಾಗಿ

1. ಪೀಠಿಕೆ

ಕೊಡಗು, ಹಾಸನ ಹಾಗೂ ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ತೋಟಗಳಲ್ಲಿಯೂ ಮಲೆನಾಡಿನ ಮಣ್ಣಿನ ರಸ್ತೆಗಳಲ್ಲಿಯೂ ನಾಲ್ಕು ಚಕ್ರಗಳ ಚಾಲನೆಯುಳ್ಳ ಜೀಪು ಮಾದರಿಯ ವಾಹನವು ದಿನನಿತ್ಯದ ಅಗತ್ಯವಾಗಿದೆ. ಹಳೆಯ ಮಹೀಂದ್ರ ಜೀಪುಗಳು ಮತ್ತು ನಾಗರಿಕ ಮಾರಾಟ ನಿಂತಿರುವ ಮಾರುತಿ ಜಿಪ್ಸಿ ವಾಹನಗಳ ಜೊತೆಗೆ ಥಾರ್, ಗೂರ್ಖಾ ಹಾಗೂ ಜಿಮ್ನಿ ವಾಹನಗಳೂ ಈಗ ಹೆಚ್ಚಿನ ಸಂಖ್ಯೆಯಲ್ಲಿ ರಸ್ತೆಯಲ್ಲಿವೆ. ಇವುಗಳ ಮಾಲೀಕರಲ್ಲಿ ಅನೇಕರು ಕಾರ್ಖಾನೆಯಿಂದ ಬಂದ ಹಿಂಬದಿ ಬಂಪರನ್ನು ತೆಗೆಸಿ, ಸ್ಟೆಪ್ನಿಯನ್ನು ಹೊರುವ ತೋಳು ಇರುವ ಕಬ್ಬಿಣದ ಬಂಪರನ್ನು ಹಾಕಿಸಲು ಇಚ್ಛಿಸುತ್ತಾರೆ.

ಇಂತಹ ಬಂಪರನ್ನು ಆರಿಸುವಾಗ ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆ "ಎಷ್ಟು ಗಟ್ಟಿ?" ಎಂಬುದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: "ಇದು ನನ್ನ ವಾಹನದಲ್ಲಿ ಏನೇನನ್ನು ಬದಲಿಸುತ್ತದೆ?" ತೂಕ, ಉದ್ದ, ದೀಪಗಳು, ನೋಂದಣಿ ಫಲಕ ಮತ್ತು ಚಾಸಿ ಇವುಗಳಲ್ಲಿ ಯಾವುದನ್ನೂ ಕೆಡಿಸದ ಅಥವಾ ಅತಿ ಕಡಿಮೆ ಬದಲಿಸುವ ಬಂಪರೇ ಉತ್ತಮ ಬಂಪರು. ಆದುದರಿಂದ ಆಯ್ಕೆಯು ಅಂಗಡಿಯಿಂದಲ್ಲ, ನೋಂದಣಿ ಪ್ರಮಾಣ ಪತ್ರದಿಂದ ಆರಂಭವಾಗತಕ್ಕದ್ದು. ಈ ಹಿನ್ನೆಲೆಯಲ್ಲಿ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಕಾನೂನಿನ ಉಪಬಂಧಗಳು

(ಅ) ಮೋಟಾರು ವಾಹನಗಳ ಅಧಿನಿಯಮ, 1988 ರ ಪ್ರಕರಣ 52 ರ ಮೇರೆಗೆ, ನೋಂದಣಿ ಪ್ರಮಾಣ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕರೂ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ವಾಹನದ ಮೂಲ ಲಕ್ಷಣ ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆಯೇ "ಮಾರ್ಪಾಡು" ಎಂದು ಇದೇ ಪ್ರಕರಣದ ವಿವರಣೆಯಲ್ಲಿ ಹೇಳಲಾಗಿದೆ.

(ಆ) ಕೇರಳ ರಾಜ್ಯದಿಂದ ಬಂದ ಮೇಲ್ಮನವಿಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9 ರಂದು ತೀರ್ಪು ನೀಡಿ, ತಯಾರಕರ ಮೂಲ ನಿರ್ದಿಷ್ಟತೆಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂಬುದನ್ನು ಸ್ಪಷ್ಟಪಡಿಸಿದೆ.

(ಇ) 2019ರ ತಿದ್ದುಪಡಿಯ ಮೂಲಕ ಸೇರಿಸಲಾಗಿ, ಅದೇ ವರ್ಷದ ಸೆಪ್ಟೆಂಬರ್ 1 ರಿಂದ ಜಾರಿಗೆ ಬಂದ ಪ್ರಕರಣ 182ಎ ರ ಉಪಪ್ರಕರಣ (4) ರಂತೆ, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ 6 ತಿಂಗಳವರೆಗಿನ ಕಾರಾಗೃಹ ವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೆ ರೂ. 5,000 ಜುಲ್ಮಾನೆ, ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. "ಪ್ರತಿಯೊಂದು ಮಾರ್ಪಾಡಿಗೆ" ಎಂಬ ಪದಗಳನ್ನು ಗಮನಿಸತಕ್ಕದ್ದು.

(ಈ) ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಮಂತ್ರಾಲಯವು 2017ರ ಡಿಸೆಂಬರ್ 7 ರ ಪತ್ರದಲ್ಲಿ, ಅನಧಿಕೃತ ಕ್ರ್ಯಾಶ್ ಗಾರ್ಡ್ ಹಾಗೂ ಬುಲ್ ಬಾರ್‌ಗಳಿಂದ ಪಾದಚಾರಿಗಳಿಗೂ ವಾಹನದೊಳಗಿನವರಿಗೂ ಅಪಾಯವಿರುವುದರಿಂದ ಕ್ರಮ ಕೈಗೊಳ್ಳುವಂತೆ ಎಲ್ಲಾ ರಾಜ್ಯಗಳಿಗೆ ಸೂಚಿಸಿತ್ತು. ಈ ಪತ್ರವು ಮುಂಬದಿಯ ಕಂಬಿಗಳಿಗೆ ಮಾತ್ರ ಸಂಬಂಧಿಸಿದ್ದು, ಹಿಂಬದಿಗೆ ಯಾವ ಅಡ್ಡಿಯೂ ಇಲ್ಲವೆಂಬ ಭಾವನೆ ಕೆಲವರಲ್ಲಿದೆ. ಪತ್ರಕ್ಕೆ ಆಧಾರವಾಗಿರುವ ಪ್ರಕರಣ 52 ಮುಂಬದಿ ಹಿಂಬದಿ ಎಂಬ ಭೇದವನ್ನು ಮಾಡುವುದಿಲ್ಲ.

3. ಇಂತಹ ಬಂಪರ್ ನಿಜಕ್ಕೂ ಅಗತ್ಯವೇ?

ಸ್ಟೆಪ್ನಿಯನ್ನು ಹಿಂಬಾಗಿಲಿಗೇ ತಗುಲಿಸಿರುವ ವಾಹನಗಳಲ್ಲಿ, ಗುಂಡಿ ಬಿದ್ದ ರಸ್ತೆಯ ಪ್ರತಿಯೊಂದು ಕುಲುಕಾಟದ ಹೊಡೆತವೂ ಬಾಗಿಲಿನ ತಿರುಗಣಿಗಳ ಮೇಲೆ ಬೀಳುತ್ತದೆ. ವರ್ಷಗಳು ಕಳೆದಂತೆ ಬಾಗಿಲು ಜೋತುಬೀಳುವುದು, ತಗಡು ಬಿರುಕು ಬಿಡುವುದು, ಚಿಲಕ ಕೂಡದಿರುವುದು ಉಂಟು. ಬಂಪರಿನ ಮೇಲೆ ನಿಲ್ಲುವ ಕ್ಯಾರಿಯರಿನ ನಿಜವಾದ ಉಪಯೋಗವಿರುವುದು ಇಲ್ಲಿಯೇ. ಅದು ಚಕ್ರದ ಭಾರವನ್ನು ಬಾಗಿಲಿನಿಂದ ಬಿಡಿಸಿ ಚಾಸಿಗೆ ವರ್ಗಾಯಿಸುತ್ತದೆ.

ಆದರೆ ಬಹುಪಾಲು ಸಂದರ್ಭಗಳಲ್ಲಿ ದೊಡ್ಡ ಅಳತೆಯ ಟೈರುಗಳನ್ನು ಹಾಕಿಸಿದ ನಂತರ ಸ್ಟೆಪ್ನಿಗೆ ಜಾಗ ಸಾಲದೆ ಕ್ಯಾರಿಯರಿನ ಯೋಚನೆ ಬರುತ್ತದೆ. ಅಂತಹ ಸಂದರ್ಭದಲ್ಲಿ ಮೊದಲು ಪರಿಶೀಲಿಸಬೇಕಾದುದು ಟೈರನ್ನೇ. ಟೈರು ತಯಾರಕರು ಆ ಮಾದರಿಗೆ ಸೂಚಿಸಿರುವ ಅಳತೆಗಳಲ್ಲಿ ಇಲ್ಲದಿದ್ದರೆ, ಅದನ್ನು ಹೊರಲು ಎಷ್ಟೇ ಉತ್ತಮ ಕ್ಯಾರಿಯರ್ ತಂದರೂ ಮೂಲ ಲೋಪ ಹಾಗೆಯೇ ಉಳಿಯುತ್ತದೆ.

ಮೂಲ ಅಳತೆಯ ಸ್ಟೆಪ್ನಿಯೊಂದಿಗೆ ಡಾಂಬರು ರಸ್ತೆಯಲ್ಲೇ ಹೆಚ್ಚು ಸಂಚರಿಸುವವರು ತಿರುಗಣಿಗಳನ್ನು ಕಾಲಕಾಲಕ್ಕೆ ಬಿಗಿ ಮಾಡಿಸಿ, ಸವೆದಿದ್ದರೆ ಬದಲಿಸಿದರೆ ಸಾಕಾಗುತ್ತದೆ. ಬದಲಾವಣೆ ಅನಿವಾರ್ಯವಾದಲ್ಲಿ ಆದ್ಯತೆಯ ಕ್ರಮ ಹೀಗಿರತಕ್ಕದ್ದು: ಮೊದಲನೆಯದಾಗಿ, ಆ ಮಾದರಿಗೆ ವಾಹನ ತಯಾರಕರೇ ಒದಗಿಸುವ ಅಧಿಕೃತ ಪರಿಕರ, ಅದು ದೊರೆಯದಿದ್ದಲ್ಲಿ, ಚಾಸಿಯಲ್ಲಿ ಈಗಾಗಲೇ ಇರುವ ತೂತುಗಳಿಗೆ ಬೋಲ್ಟುಗಳಿಂದ ಕೂರುವ, ಬೇಡವೆಂದಾಗ ಬಿಚ್ಚಬಹುದಾದ ಬಂಪರ್. ವೆಲ್ಡಿಂಗ್ ಮಾಡಿ ಕೂರಿಸುವ ಬಂಪರನ್ನು ಆರಿಸಬಾರದು.

4. ತೂಕದ ಲೆಕ್ಕ

ನೋಂದಣಿ ಪ್ರಮಾಣ ಪತ್ರದಲ್ಲಿ ವಾಹನದ ಹೊರೆರಹಿತ ತೂಕ ನಮೂದಾಗಿರುತ್ತದೆ. ಕಬ್ಬಿಣದ ಬಂಪರ್ ಈ ಅಂಕಿಯನ್ನು ನೇರವಾಗಿ ಬದಲಿಸುತ್ತದೆ. ಆದುದರಿಂದ ಮಾರಾಟಗಾರರಿಂದ ತೂಕವನ್ನು ಬರವಣಿಗೆಯಲ್ಲಿ ಪಡೆಯತಕ್ಕದ್ದು. ಹೊಸದಾಗಿ ಸೇರುವ ಬಂಪರ್, ತೋಳು ಮತ್ತು ಇತರೆ ಸಾಮಗ್ರಿಗಳ ತೂಕದಿಂದ, ತೆಗೆದ ಬಂಪರಿನ ತೂಕವನ್ನು ಕಳೆದರೆ ನಿವ್ವಳ ಹೆಚ್ಚಳ ದೊರೆಯುತ್ತದೆ.

ಈ ನಿವ್ವಳ ಹೆಚ್ಚಳವು ಹಿಂಬದಿ ಅಚ್ಚಿನಿಂದಾಚೆಗೆ ತೂಗುವುದರಿಂದ ಅದರ ಪರಿಣಾಮ ಅಂಕಿಗಿಂತ ದೊಡ್ಡದು. ಉದಾಹರಣೆಗೆ, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ 2450 ಮಿ.ಮೀ. ಇರುವ ವಾಹನಕ್ಕೆ, ಹಿಂದಿನ ಅಚ್ಚಿನಿಂದ 980 ಮಿ.ಮೀ. ಹಿಂದಕ್ಕೆ ನಿವ್ವಳ 80 ಕಿ.ಗ್ರಾಂ ಸೇರಿತೆಂದು ಇಟ್ಟುಕೊಳ್ಳೋಣ. 980 ಎಂಬುದು 2450 ರ ಶೇಕಡ 40 ಆಗುತ್ತದೆ. ಹಾಗಾಗಿ ಹಿಂದಿನ ಅಚ್ಚಿನ ಮೇಲೆ 80 ರ ಬದಲು 112 ಕಿ.ಗ್ರಾಂ ಹೆಚ್ಚಾಗುತ್ತದೆ, ಮುಂದಿನ ಅಚ್ಚಿನಿಂದ 32 ಕಿ.ಗ್ರಾಂ ಕಡಿಮೆಯಾಗುತ್ತದೆ. ತಕ್ಕಡಿಯ ಒಂದು ತಟ್ಟೆ ಇಳಿದರೆ ಇನ್ನೊಂದು ಏಳುವಂತೆಯೇ ಇದು.

ಮುಂದಿನ ಚಕ್ರಗಳು ಹಗುರವಾದಾಗ ಕಡಿದಾದ ಏರಿನಲ್ಲಿ ಸ್ಟೀರಿಂಗ್‌ನ ಹಿಡಿತ ಸಡಿಲವಾಗುತ್ತದೆ. ಹಿಂಬದಿ ಕುಸಿದು ಮುಂದಿನ ದೀಪಗಳು ಮೇಲಕ್ಕೆ ವಾಲಿ, ಎದುರಿನಿಂದ ಬರುವವರ ಕಣ್ಣು ಕುಕ್ಕುತ್ತವೆ. ಅಲ್ಲದೆ ವಾಹನದ ಒಟ್ಟು ತೂಕದ ಮಿತಿ ಹೆಚ್ಚುವುದಿಲ್ಲವಾದುದರಿಂದ, 80 ಕಿ.ಗ್ರಾಂ ಬಂಪರ್ ಸೇರಿದರೆ ಒಬ್ಬ ವಯಸ್ಕ ಪ್ರಯಾಣಿಕ ಹಾಗೂ ಅವರ ಕೈಚೀಲದಷ್ಟು ಭಾರವನ್ನು ಹೊರುವ ಸಾಮರ್ಥ್ಯ ಕಡಿಮೆಯಾಯಿತೆಂದೇ ಲೆಕ್ಕ. ಎರಡು ಬಂಪರುಗಳು ಇತರ ಎಲ್ಲ ವಿಷಯಗಳಲ್ಲಿ ಸಮನಾಗಿದ್ದರೆ ಹಗುರವಾದುದನ್ನೂ, ಸ್ಟೆಪ್ನಿಯನ್ನು ಬಾಗಿಲಿಗೆ ಆದಷ್ಟು ಹತ್ತಿರ ಹಿಡಿಯುವುದನ್ನೂ ಆರಿಸತಕ್ಕದ್ದು.

5. ಚಾಸಿಗೆ ಜೋಡಣೆ

(ಅ) ಬಂಪರ್ ಚಾಸಿಯ ಎರಡೂ ಉದ್ದ ತೊಲೆಗಳಿಗೆ ಸೇರಬೇಕು. ಹಿಂದಿನ ಅಡ್ಡತೊಲೆಯ ತಗಡಿಗೆ ಅಥವಾ ಬಾಡಿಗೆ ಮಾತ್ರ ಕಚ್ಚಿಕೊಂಡಿರುವ ಬಂಪರ್ ತಿರಸ್ಕಾರಾರ್ಹ.

(ಆ) ಹೊಸ ತೂತು ಕೊರೆಯುವುದಾಗಲಿ, ಚಾಸಿಗೆ ವೆಲ್ಡಿಂಗ್ ಮಾಡುವುದಾಗಲಿ ಕೂಡದು. ವೆಲ್ಡಿಂಗ್‌ನ ಶಾಖದಿಂದ ಸುತ್ತಲಿನ ಉಕ್ಕಿನ ಗುಣ ಬದಲಾಗಿ, ಮುಂದೆ ಬಿರುಕು ಅಲ್ಲಿಂದಲೇ ಆರಂಭವಾಗುತ್ತದೆ. ಚಾಸಿ ಸಂಖ್ಯೆ ಕೆತ್ತಿರುವ ಭಾಗವನ್ನು ಯಾವುದೇ ಕಾರಣಕ್ಕೂ ಮುಚ್ಚಬಾರದು, ಉಜ್ಜಬಾರದು.

(ಇ) ಕಾರ್ಖಾನೆಯ ಬಂಪರ್ ಸಣ್ಣ ಡಿಕ್ಕಿಯಲ್ಲಿ ತಾನೇ ಬಾಗಿ ಅಥವಾ ಒಡೆದು ಹೊಡೆತದ ಸ್ವಲ್ಪ ಭಾಗವನ್ನು ನುಂಗುತ್ತದೆ. ದಪ್ಪ ಕಬ್ಬಿಣದ ಬಂಪರ್ ಬಾಗುವುದಿಲ್ಲ. ಹೊಡೆತವನ್ನು ನೇರವಾಗಿ ಚಾಸಿಗೂ ಹಿಂದಿನ ಆಸನದಲ್ಲಿರುವವರಿಗೂ, ಹಿಂದಿನಿಂದ ಬಂದು ತಗುಲಿದ ದ್ವಿಚಕ್ರ ವಾಹನ ಸವಾರರಿಗೂ ದಾಟಿಸುತ್ತದೆ. ಅತಿ ದಪ್ಪವೇ ಅತಿ ಸುರಕ್ಷಿತ ಎಂಬುದು ಸರಿಯಲ್ಲ. ಚೂಪಾದ ಮೂಲೆಗಳಿರುವ, ವಾಹನದ ಅಗಲವನ್ನು ಮೀರಿ ಚಾಚುವ ಬಂಪರುಗಳನ್ನು ಕೊಳ್ಳಬಾರದು.

(ಈ) ಮಳೆನೀರು ಮತ್ತು ಕೆಸರು ಹರಿದುಹೋಗಲು ಬಂಪರಿನ ತಳದಲ್ಲಿ ರಂಧ್ರಗಳಿರಬೇಕು. ಮಲೆನಾಡು ಮತ್ತು ಕರಾವಳಿಯ ವಾಹನ ಮಾಲೀಕರು ಒಳಭಾಗಕ್ಕೂ ತುಕ್ಕು ನಿರೋಧಕ ಲೇಪನ ಇದೆಯೇ ಎಂಬುದನ್ನು ನೋಡತಕ್ಕದ್ದು. ಹೊರಗೆ ಬಣ್ಣ ಮಿರುಗುತ್ತಿದ್ದರೂ ಒಳಗಿನಿಂದ ತುಕ್ಕು ತಿನ್ನುವುದು ಸಾಮಾನ್ಯ.

6. ಕ್ಯಾರಿಯರ್ ತೋಳು ಮತ್ತು ಚಿಲಕ

ಕ್ಯಾರಿಯರಿನ ಆಯುಷ್ಯವನ್ನು ನಿರ್ಧರಿಸುವುದು ಅದರ ತಿರುಗಣಿ. ಗ್ರೀಸ್ ತುಂಬಲು ಅನುಕೂಲವಿರುವ, ಬೇರಿಂಗ್ ಮೇಲೆ ತಿರುಗುವ, ಸವೆದಾಗ ಬೇರಿಂಗ್ ಬದಲಿಸಬಹುದಾದ ತಿರುಗಣಿ ಉತ್ತಮ. ಬರಿಯ ಕೊಳವೆಯೊಳಗೆ ಬೋಲ್ಟ್ ತೂರಿಸಿರುವ ತಿರುಗಣಿ ಕೆಲವೇ ದಿನಗಳಲ್ಲಿ ಸಡಿಲವಾಗುತ್ತದೆ.

ಮುಚ್ಚಿದ ಸ್ಥಿತಿಯಲ್ಲಿ ತೋಳಿನ ತುದಿಯು ಬಂಪರಿನ ಮೇಲಿನ ಆಸರೆಯ ಮೇಲೆ ಕೂರಬೇಕು. ಅದರ ಭಾರ ಚಿಲಕದ ಮೇಲೆ ಬೀಳಬಾರದು. ಮುಖ್ಯ ಚಿಲಕ ಜಾರಿದರೂ ತೋಳು ತೆರೆದುಕೊಳ್ಳದಂತೆ ಎರಡನೆಯ ಪಿನ್ ಇರಬೇಕು. ಚಲಿಸುವಾಗ ತೆರೆದುಕೊಂಡ ತೋಳು ಪಕ್ಕದ ಸವಾರರಿಗೆ ಪ್ರಾಣಾಪಾಯ ಉಂಟುಮಾಡಬಲ್ಲದು. ತೆರೆದ ಸ್ಥಿತಿಯಲ್ಲಿ ಇಳಿಜಾರಿನಲ್ಲಿಯೂ ತಾನಾಗಿ ಮುಚ್ಚಿಕೊಳ್ಳದಂತೆ ತಡೆ ಇರತಕ್ಕದ್ದು.

ಮೂರು ಬಾಗಿಲುಗಳ ಮಾದರಿಗಳಲ್ಲಿ ಅಪಘಾತದ ಸಮಯದಲ್ಲಿ ಹಿಂಬಾಗಿಲು ಹೊರಬರುವ ಒಂದು ದಾರಿಯಾಗಬಹುದು. ಸಲಕರಣೆಯ ಸಹಾಯವಿಲ್ಲದೆ, ಒಂದೇ ಕೈಯಿಂದ ತೋಳನ್ನು ತೆರೆಯಲು ಮನೆಯ ಎಲ್ಲಾ ಚಾಲಕರಿಗೂ ಸಾಧ್ಯವೇ ಎಂಬುದನ್ನು ಅಂಗಡಿಯಲ್ಲೇ ಪರೀಕ್ಷಿಸಿಕೊಳ್ಳತಕ್ಕದ್ದು. ಕ್ಯಾರಿಯರಿಗೆ ಇಂಧನದ ಕ್ಯಾನುಗಳನ್ನು ತೂಗುಹಾಕಬಾರದು. ಹಿಂದಿನಿಂದ ಡಿಕ್ಕಿಯಾದಾಗ ಮೊದಲು ಒಡೆಯುವುದು ಅವೇ.

7. ಉದ್ದ ಮತ್ತು ನಿರ್ಗಮನ ಕೋನ

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989 ರ ನಿಯಮ 93 ರಲ್ಲಿ ವಾಹನಗಳ ಅಳತೆ ಹಾಗೂ ಹಿಂಬದಿಯ ಚಾಚಿಗೆ ಮಿತಿಗಳನ್ನು ವಿಧಿಸಲಾಗಿದೆ. ಬಂಪರ್ ಮತ್ತು ಕ್ಯಾರಿಯರ್ ಸೇರಿದ ನಂತರದ ಒಟ್ಟು ಉದ್ದವನ್ನು ಅಳೆದು, ತಯಾರಕರು ಘೋಷಿಸಿರುವ ಉದ್ದದೊಂದಿಗೆ ಹೋಲಿಸಿ ನೋಡತಕ್ಕದ್ದು.

ತೋಟದ ದಾರಿಯಲ್ಲಿ ಉಪಯೋಗಕ್ಕೆ ಬರುವ ಮತ್ತೊಂದು ಅಳತೆ ನಿರ್ಗಮನ ಕೋನ. ಕಡಿದಾದ ಹಳ್ಳದಿಂದ ಮೇಲೇರುವಾಗ ವಾಹನದ ಹಿಂಬದಿ ನೆಲಕ್ಕೆ ತಗುಲದಿರಲು ಈ ಕೋನ ದೊಡ್ಡದಿರಬೇಕು. ಬಂಪರಿನ ಕೆಳ ಅಂಚು ನೆಲದಿಂದ 450 ಮಿ.ಮೀ. ಎತ್ತರದಲ್ಲಿದ್ದು, ಟೈರು ನೆಲ ಮುಟ್ಟುವ ಜಾಗದಿಂದ 600 ಮಿ.ಮೀ. ಹಿಂದಿದ್ದರೆ ಕೋನ ಅಂದಾಜು 37 ಡಿಗ್ರಿ. ಅದೇ ಅಂಚು 75 ಮಿ.ಮೀ. ಕೆಳಗಿಳಿದರೆ ಕೋನ 32 ಡಿಗ್ರಿಗೆ ಇಳಿಯುತ್ತದೆ. ದುರ್ಗಮ ದಾರಿಗೆಂದು ಕೊಂಡ ಬಂಪರೇ ಆ ದಾರಿಗೆ ಅಡ್ಡಿಯಾಗಬಾರದಷ್ಟೆ.

8. ನೋಂದಣಿ ಫಲಕ, ದೀಪಗಳು ಮತ್ತು ಸಂವೇದಕಗಳು

(ಅ) 2019ರ ಏಪ್ರಿಲ್ 1 ರಿಂದ ತಯಾರಾದ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಗಿದೆ. ಅದಕ್ಕೂ ಹಿಂದಿನ ವಾಹನಗಳಿಗೆ ರಾಜ್ಯದಲ್ಲಿ 2023ರ ಆಗಸ್ಟ್ ಅಧಿಸೂಚನೆಯ ಮೂಲಕ ಇದನ್ನು ಅನ್ವಯಿಸಲಾಗಿದೆ. ಹಿಂಬದಿ ಫಲಕವನ್ನು ಮರಳಿ ಬಳಸಲಾಗದ ಸ್ನ್ಯಾಪ್ ಲಾಕ್‌ನಿಂದ ಬಿಗಿದಿರುತ್ತಾರೆ. ಫಲಕವನ್ನು ಬಂಪರಿಗೆ ಸ್ಥಳಾಂತರಿಸಬೇಕೆಂದರೆ ಈ ಲಾಕನ್ನು ಒಡೆಯಬೇಕಾಗುತ್ತದೆ. ಗ್ಯಾರೇಜಿನಲ್ಲಿ ಅದನ್ನು ಒಡೆದು ಸಾಮಾನ್ಯ ಸ್ಕ್ರೂ ಹಾಕಿಸುವುದು ನಿಯಮಬಾಹಿರ. ಅಧಿಕೃತ ಫಲಕ ಪೂರೈಕೆದಾರರ ಮೂಲಕವೇ ಮರು ಅಳವಡಿಕೆ ಆಗತಕ್ಕದ್ದು. ಆದುದರಿಂದ ಫಲಕ ಈಗಿರುವ ಸ್ಥಳದಲ್ಲೇ ಪೂರ್ಣವಾಗಿ ಕಾಣುವಂತಹ ಬಂಪರನ್ನು ಆರಿಸುವುದು ಸೂಕ್ತ.

(ಆ) ಹಿಂಬದಿ ಫಲಕದ ಮೇಲೆ ಬೀಳುವ ಬಿಳಿ ಬೆಳಕಿನಲ್ಲಿ ನೋಂದಣಿ ಸಂಖ್ಯೆಯು 15 ಮೀಟರ್ ದೂರದಿಂದ ಓದುವಂತಿರಬೇಕು.

(ಇ) ಹಿಂಬದಿ ದೀಪ, ಬ್ರೇಕ್ ದೀಪ, ತಿರುವು ಸೂಚಕ, ಮೇಲ್ಮಟ್ಟದ ಮೂರನೇ ಬ್ರೇಕ್ ದೀಪ ಮತ್ತು ಕೆಂಪು ಪ್ರತಿಫಲಕಗಳಲ್ಲಿ ಯಾವುದನ್ನೂ ಸ್ಟೆಪ್ನಿ ಅಥವಾ ತೋಳು ಮರೆಮಾಡಬಾರದು. ಮೂಲ ಬಂಪರಿನಲ್ಲೇ ಪ್ರತಿಫಲಕಗಳಿದ್ದರೆ ಹೊಸ ಬಂಪರಿನಲ್ಲೂ ಇರತಕ್ಕದ್ದು. ಮಳೆಗಾಲದ ಮಂಜಿನಲ್ಲಿ ಘಾಟಿ ರಸ್ತೆಯ ತಿರುವಿನಲ್ಲಿ ನಿಂತ ವಾಹನವನ್ನು ಹಿಂದಿನಿಂದ ಬರುವವರಿಗೆ ತೋರಿಸುವುದು ಇವುಗಳೇ.

(ಈ) 2019ರ ಜುಲೈ 1 ರಿಂದ ಪ್ರಯಾಣಿಕ ಕಾರುಗಳ ವರ್ಗಕ್ಕೆ ಹಿಂಬದಿ ಪಾರ್ಕಿಂಗ್ ಸಂವೇದಕ ಕಡ್ಡಾಯವಾಗಿದೆ. ಇವು ಮೂಲ ಬಂಪರಿನಲ್ಲಿ ಅಡಗಿದ್ದರೆ, ಅದೇ ಎತ್ತರ ಹಾಗೂ ಅದೇ ಕೋನದಲ್ಲಿ ಕೂರಿಸಲು ಹೊಸ ಬಂಪರಿನಲ್ಲಿ ಸ್ಥಳವಿರಬೇಕು. ಸಂವೇದಕಗಳ ತಂತಿ ಕತ್ತರಿಸಿ "ಇದರ ಅಗತ್ಯವಿಲ್ಲ" ಎನ್ನುವ ಅಂಗಡಿಯವರ ಮಾತನ್ನು ಒಪ್ಪಬಾರದು. ಮನೆಯಂಗಳದಲ್ಲಿ ವಾಹನವನ್ನು ಹಿಂದಕ್ಕೆ ತೆಗೆಯುವಾಗ ಚಿಕ್ಕ ಮಕ್ಕಳ ರಕ್ಷಣೆ ಇವುಗಳನ್ನು ಅವಲಂಬಿಸಿದೆ.

9. ಎಳೆಯುವ ಕೊಂಡಿಗಳು

ಕೆಸರಿನಲ್ಲಿ ಹೂತ ವಾಹನವನ್ನು ಎಳೆಯುವಾಗ ಕೊಂಡಿಯ ಮೇಲೆ ಟನ್ನುಗಟ್ಟಲೆ ಬಲ ಬೀಳುತ್ತದೆ. ಬಂಪರಿನ ತಗಡಿಗೆ ಅಂದಕ್ಕಾಗಿ ವೆಲ್ಡ್ ಮಾಡಿದ ಕೊಂಡಿ ಕಿತ್ತುಬಂದರೆ ಗುಂಡಿನಂತೆ ಹಾರುತ್ತದೆ. ಕೊಂಡಿಯ ದಪ್ಪ ಫಲಕವು ಬಂಪರನ್ನು ಹಾದು ಹಿಂದಕ್ಕೆ ಸಾಗಿ ಚಾಸಿಗೆ ಬೋಲ್ಟ್ ಆಗಿದೆಯೇ ಎಂಬುದನ್ನು ಕೆಳಗಿನಿಂದ ಬಗ್ಗಿ ನೋಡತಕ್ಕದ್ದು. ಶ್ಯಾಕಲ್‌ಗಳ ಮೇಲೆ ಅವುಗಳ ಭಾರಮಿತಿ ಅಚ್ಚಾಗಿರಬೇಕು. ಮುಕ್ಕಾಲು ಇಂಚಿನ ಪ್ರಮಾಣಿತ ಶ್ಯಾಕಲ್‌ನ ಮಿತಿ 4.75 ಟನ್. ಟ್ರೈಲರ್ ಜೋಡಿಸುವ ಗುಂಡಿಗೆ ಹಗ್ಗ ಹಾಕಿ ಹೂತ ವಾಹನವನ್ನು ಎಳೆಯುವುದು ಕೂಡದು.

10. ವೆಚ್ಚ, ಬಿಲ್ಲು ಮತ್ತು ವಿಮೆ

ಬಂಪರಿನ ಬೆಲೆ ಒಟ್ಟು ವೆಚ್ಚದ ಒಂದು ಭಾಗ ಮಾತ್ರ. ಅಳವಡಿಕೆಯ ಕೂಲಿ, ಸಂವೇದಕಗಳ ಮರುಜೋಡಣೆ, ಅಗತ್ಯವಾದಲ್ಲಿ ನೋಂದಣಿ ಫಲಕದ ಮರು ಅಳವಡಿಕೆ, ದೀಪಗಳ ಮಟ್ಟ ಸರಿಪಡಿಸುವಿಕೆ ಹಾಗೂ ಹೆಚ್ಚುವರಿ ಇಂಧನ ಇವುಗಳನ್ನು ಕೂಡಿಸಿ ಅಂದಾಜು ಮಾಡತಕ್ಕದ್ದು. 2025ರ ಸೆಪ್ಟೆಂಬರ್ 22 ರಿಂದ ವಾಹನಗಳ ಬಿಡಿಭಾಗಗಳ ಮೇಲೆ ಏಕರೂಪವಾಗಿ ಶೇಕಡ 18 ಜಿ.ಎಸ್.ಟಿ. ಅನ್ವಯವಾಗುತ್ತದೆ. ಬಿಲ್ಲಿಲ್ಲದೆ ಕೊಂಡು ಈ ಮೊತ್ತವನ್ನು ಉಳಿಸಿದಂತೆ ಕಂಡರೂ, ಬಿಲ್ಲಿಲ್ಲದ ವಸ್ತುವಿಗೆ ಖಾತರಿಯೂ ಇಲ್ಲ, ವಿಮೆಯೂ ಇಲ್ಲ.

ಅಳವಡಿಕೆಗೆ ಮುನ್ನ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಪರಿಕರದ ಮೌಲ್ಯವನ್ನು ಪಾಲಿಸಿಯಲ್ಲಿ ನಮೂದಿಸಿಕೊಳ್ಳಬೇಕು. ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ನಂತರ ಕ್ಲೇಮು ತಿರಸ್ಕರಿಸಲು ಕಾರಣವಾಗಬಹುದು. ಬಾಡಿಗೆ-ಖರೀದಿ ಕರಾರಿನ ಮೇಲೆ ವಾಹನ ಪಡೆದವರು ನೋಂದಾಯಿತ ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಮಾರ್ಪಾಡನ್ನೂ ಮಾಡುವಂತಿಲ್ಲವೆಂದು ಪ್ರಕರಣ 52 ರಲ್ಲೇ ಹೇಳಲಾಗಿದೆ.

11. ಅನುಸರಿಸಬೇಕಾದ ಕ್ರಮ

(1) ನೋಂದಣಿ ಪ್ರಮಾಣ ಪತ್ರ, ಬಂಪರಿನ ತೂಕ, ಅಳತೆ, ಜೋಡಣೆಯ ನಕ್ಷೆ ಹಾಗೂ ಛಾಯಾಚಿತ್ರಗಳೊಂದಿಗೆ, ಖರೀದಿಗೆ ಮುನ್ನವೇ ತಮ್ಮ ವ್ಯಾಪ್ತಿಯ ನೋಂದಣಿ ಪ್ರಾಧಿಕಾರವನ್ನು ಲಿಖಿತವಾಗಿ ವಿಚಾರಿಸತಕ್ಕದ್ದು.

(2) ಪ್ರಾಧಿಕಾರವು ಇದು ಮಾರ್ಪಾಡು ಎಂದು ತಿಳಿಸಿದಲ್ಲಿ, ಅನುಮತಿ ದೊರೆಯುವವರೆಗೆ ಅಳವಡಿಸಬಾರದು. ಅನುಮತಿ ನಿರಾಕರಿಸಿದಲ್ಲಿ ಆ ಬಂಪರಿನ ಆಲೋಚನೆಯನ್ನು ಕೈಬಿಡತಕ್ಕದ್ದು.

(3) ಅನುಮೋದನೆ ಪಡೆಯದೆ ಮಾರ್ಪಾಡು ಮಾಡಿದ್ದಲ್ಲಿ 14 ದಿನಗಳೊಳಗಾಗಿ ಪ್ರಾಧಿಕಾರಕ್ಕೆ ವರದಿ ಮಾಡಿ, ನೋಂದಣಿ ಪ್ರಮಾಣ ಪತ್ರವನ್ನು ನಿಗದಿತ ಶುಲ್ಕದೊಂದಿಗೆ ಸಲ್ಲಿಸುವುದು ಮಾಲೀಕರ ಹೊಣೆ. ಹೀಗೆ ವರದಿ ಮಾಡಿದ ಮಾತ್ರಕ್ಕೆ ನಿಯಮಬಾಹಿರವಾದುದು ಸಕ್ರಮವಾಗುವುದಿಲ್ಲ.

(4) ಮೂಲ ಬಂಪರ್, ಅದರ ಬೋಲ್ಟುಗಳು ಮತ್ತು ಪ್ರತಿಫಲಕಗಳನ್ನು ಮಾರದೆ ಮನೆಯಲ್ಲಿ ಇಟ್ಟುಕೊಳ್ಳಬೇಕು. 15 ವರ್ಷಗಳ ನಂತರ ನೋಂದಣಿ ನವೀಕರಣದ ತಪಾಸಣೆಯಲ್ಲಿ ಆಕ್ಷೇಪಣೆ ಬಂದರೆ ವಾಹನವನ್ನು ಮೂಲಸ್ಥಿತಿಗೆ ತರಲು ಅದೇ ದಾರಿ.

(5) ಅಳವಡಿಕೆಯಾದ ಸುಮಾರು 500 ಕಿ.ಮೀ. ನಂತರ ಎಲ್ಲಾ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿಸಬೇಕು. ಪ್ರತಿ ಮಳೆಗಾಲದ ನಂತರ ತಿರುಗಣಿ, ಚಿಲಕ ಮತ್ತು ವೆಲ್ಡಿಂಗ್ ಗೆರೆಗಳನ್ನು ಪರೀಕ್ಷಿಸಬೇಕು.

12. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಅಂಗಡಿಯವರು "ಆರ್.ಟಿ.ಓ. ಅನುಮೋದಿತ" ಎಂದು ಹೇಳುತ್ತಾರೆ. ಇದು ಸಾಕೇ?
ಉತ್ತರ: ಸಾಲದು. ಅನುಮೋದನೆ ದೊರೆಯುವುದು ನಿರ್ದಿಷ್ಟ ವಾಹನಕ್ಕೇ ಹೊರತು ಅಂಗಡಿಯ ಸರಕಿಗಲ್ಲ. ಪರೀಕ್ಷಾ ಸಂಸ್ಥೆಯ ಪ್ರಮಾಣ ಪತ್ರವಿದೆ ಎಂದರೆ, ಅದು ಇದೇ ಭಾಗಕ್ಕೆ ಹಾಗೂ ಇದೇ ವಾಹನ ಮಾದರಿಗೆ ಸಂಬಂಧಿಸಿದೆಯೇ ಎಂದು ಓದಿ ನೋಡತಕ್ಕದ್ದು.

ಪ್ರಶ್ನೆ: ಹಳೆಯ ವಾಹನವನ್ನು ಕೊಂಡಾಗಲೇ ಇಂತಹ ಬಂಪರ್ ಇತ್ತು. ಹೊಣೆ ಯಾರದು?
ಉತ್ತರ: ರಸ್ತೆಯಲ್ಲಿ ತಪಾಸಣೆಯಾದಾಗ ಉತ್ತರಿಸಬೇಕಾದವರು ಆಗಿನ ಮಾಲೀಕರು. ಆದುದರಿಂದ ನಮೂನೆ 29 ಮತ್ತು 30 ಕ್ಕೆ ಸಹಿ ಮಾಡುವ ಮುನ್ನ ಅನುಮತಿಯ ದಾಖಲೆಯನ್ನು ಕೇಳಿ ಪಡೆಯಬೇಕು. ಇಲ್ಲವಾದಲ್ಲಿ ಮೂಲ ಬಂಪರ್ ಹಾಕಿಸಿಕೊಡುವಂತೆ ಮಾರಾಟಗಾರರನ್ನು ಕೋರಬೇಕು.

ಪ್ರಶ್ನೆ: ಮಳೆಗಾಲದ ಆಫ್-ರೋಡ್ ಸ್ಪರ್ಧೆಗೆ ಮಾತ್ರ ಬಳಸುತ್ತೇನೆ. ನಿಯಮಗಳು ಅನ್ವಯಿಸುತ್ತವೆಯೇ?
ಉತ್ತರ: ಸ್ಪರ್ಧೆಯ ಸ್ಥಳಕ್ಕೆ ಸಾರ್ವಜನಿಕ ರಸ್ತೆಯಲ್ಲಿ ಚಲಾಯಿಸಿಕೊಂಡು ಹೋದಲ್ಲಿ ಎಲ್ಲಾ ನಿಯಮಗಳೂ ಅನ್ವಯಿಸುತ್ತವೆ.

ಅರ್ಜಿದಾರರು ಮಧ್ಯವರ್ತಿಗಳನ್ನು ಆಶ್ರಯಿಸದೆ ನೇರವಾಗಿ ಕಛೇರಿಯನ್ನು ಸಂಪರ್ಕಿಸುವಂತೆಯೂ, ಸಲ್ಲಿಸಿದ ಪ್ರತಿಯೊಂದು ಅರ್ಜಿಗೆ ಸ್ವೀಕೃತಿ ಪಡೆಯುವಂತೆಯೂ ಕೋರಲಾಗಿದೆ. ಕೊಳ್ಳುವ ಮುನ್ನ ಕೇಳಿದ ಒಂದು ಪ್ರಶ್ನೆಯು ಕೊಂಡ ನಂತರದ ಅನೇಕ ಓಡಾಟಗಳನ್ನು ತಪ್ಪಿಸುತ್ತದೆ.

ವಿ.ಸೂ.: ಈ ಲೇಖನವು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಯಾವುದೇ ವ್ಯತ್ಯಾಸ ಕಂಡುಬಂದಲ್ಲಿ ಅಧಿನಿಯಮ ಹಾಗೂ ನಿಯಮಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ.